ಸೆರಗಿನ ದೃಷ್ಟಿ ಬೊಟ್ಟು

“ಇದರಲ್ಲೂ ಇದೆ” ಎಂದೆ.

ಮಗ್ಗದ ಯಜಮಾನ ವೃಷಭೇಂದ್ರಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. ಮೇಜಿನ ಮೇಲೆ ಹಾಸಿದ್ದ ಅಗ್ಗದ ಸೀರೆಯ ಸೆರಗಿನ ತುಂಬ ಜರಿಯ ಕೇದಗೆ ಹೂಗಳು. ನಾನು ಭೂತಗನ್ನಡಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತಿದ್ದೆ. ಪ್ರತಿ ಹೂವಿನಲ್ಲೂ ಎಲ್ಲಕ್ಕಿಂತ ಕೆಳಗಿನ ಎಸಳಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗಕ್ಕೆ ಜರಿಯೇ ಇರಲಿಲ್ಲ. ಬರೀ ರೇಷ್ಮೆ ಕಾಣುತ್ತಿತ್ತು.

“ನೇಯ್ಗೆ ತಪ್ಪಿದೆ. ಅಗ್ಗದ ಮಾಲಲ್ಲಿ ಇನ್ನೇನಿರುತ್ತೆ?” ಎಂದರು ಅವರು.

ತಪ್ಪಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ಒಂದು ಹೂವನ್ನೂ ಬಿಡದೆ, ಅಳತೆ ಹಿಡಿದು ಇಟ್ಟ ಹಾಗೆ ಅದೇ ಜಾಗ. ಆದರೆ ನಾನು ಇನ್ನೂ ಬಾಯಿ ಬಿಡಲಿಲ್ಲ. ಮೂರು ದಿನದಿಂದ ಕಾದಿದ್ದೆ, ಇನ್ನೈದು ನಿಮಿಷ ಕಾಯಬಲ್ಲೆ.

ಮೇಜಿನ ಇನ್ನೊಂದು ಮೂಲೆಯಲ್ಲಿ, ಕತ್ತರಿಯ ಭಾರದ ಕೆಳಗೆ, ದೂರಿನ ಕಾಗದವಿತ್ತು. ಬರೆದು ಮುಗಿದಿತ್ತು, ರುಜು ಒಂದು ಬಾಕಿ. ಹೊರಗಿನ ಬೆಂಚಿನ ಮೇಲೆ ಮುಖ್ಯಪೇದೆ ಸಿದ್ದಪ್ಪಾಜಿ ಎರಡನೆಯ ಲೋಟ ಚಹಾ ಕುಡಿಯುತ್ತಿದ್ದರು. ಐದೂವರೆಗೆ ಕಾಗದ ತೆಗೆದುಕೊಂಡು ಹೊರಡುತ್ತೇನೆಂದು ಹೇಳಿಯೇ ಕೂತಿದ್ದರು. ಅಷ್ಟರೊಳಗೆ ಮರಿಯಯ್ಯ ಕಳ್ಳರಲ್ಲ ಎಂದು ನಾನು ತೋರಿಸದಿದ್ದರೆ, ಅರವತ್ತೊಂದು ವರ್ಷದ ಆ ಮನುಷ್ಯ ಇವತ್ತೇ ಠಾಣೆಯ ಮೆಟ್ಟಿಲು ಹತ್ತಬೇಕಿತ್ತು.

ಮರಿಯಯ್ಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಕೂರಿ ಎಂದು ಮೂರು ಸಲ ಹೇಳಿದ ಮೇಲೆ ಕೂತವರು. ಕೆಸರೆಯ ಈ ರೇಷ್ಮೆ ಮಗ್ಗದ ಶೆಡ್ಡಿನಲ್ಲಿ ಅವರು ಮೂವತ್ನಾಲ್ಕು ವರ್ಷ ಕಾರ್ಡು ಹೊಡೆದಿದ್ದಾರೆ. ಮಗ್ಗದ ತಲೆಯ ಮೇಲೆ ರಟ್ಟಿನ ಕಾರ್ಡುಗಳ ಉದ್ದನೆಯ ಮಾಲೆ ತೂಗಾಡುತ್ತದಲ್ಲ, ಸೀರೆಯ ಜಾತಕವೇ ಅದು. ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ಚಿತ್ರ ನೋಡಿ, ಚೌಕ ಚೌಕವಾಗಿ ಲೆಕ್ಕ ಹಿಡಿದು, ಆ ತೂತುಗಳನ್ನು ಒಂದೊಂದಾಗಿ ಹೊಡೆಯುವುದು ಮರಿಯಯ್ಯನವರ ಕಸುಬು.

ಕೇದಗೆ ಸೆರಗಿಗೆ ಅವರಿಗೆ ಐದು ತಿಂಗಳು ಹಿಡಿದಿತ್ತು. ಶ್ರಾವಣಕ್ಕೆ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಅಂಗಡಿಗೆ ಬರಬೇಕಿದ್ದ ಸೀರೆ, ಆಷಾಢದಲ್ಲೇ ಯಾರದೋ ಪವರ್‌ಲೂಮಿನಲ್ಲಿ ಹುಟ್ಟಿ ಸಂತೆಪೇಟೆಯ ಒಂದು ಅಂಗಡಿಯಲ್ಲಿ ಕಾಲು ಬೆಲೆಗೆ ನೇತಾಡುತ್ತಿತ್ತು. ಕಾರ್ಡುಗಳ ಪೆಟ್ಟಿಗೆಯ ಬೀಗದ ಕೈ ಇರುವುದು ಮರಿಯಯ್ಯನವರ ಉಡಿದಾರದಲ್ಲಿ. ದಸರಾ ಕಳೆದ ಮೇಲೆ ಕೆಲಸವಿಲ್ಲ ಎಂದು ಅವರಿಗೆ ಹೇಳಿಯೂ ಆಗಿತ್ತು, ಏಕೆಂದರೆ ಈ ಕೋಣೆಯ ಕಿಟಕಿ ಪಕ್ಕದಲ್ಲಿ ಕಂಪ್ಯೂಟರ್ ಬಂದು ಕೂತಿತ್ತು. ಐದು ತಿಂಗಳ ಕೆಲಸವನ್ನು ಅದು ಒಂದು ವಾರದಲ್ಲಿ ಮುಗಿಸುತ್ತದೆ. ಹೊಟ್ಟೆಕಿಚ್ಚಿಗೆ ಮುದುಕ ಕಾರ್ಡುಗಳನ್ನು ಹೊರಗೆ ಸಾಗಿಸಿದ ಎಂದು ಊರೆಲ್ಲ ತೀರ್ಮಾನ ಮಾಡಿಬಿಟ್ಟಿತ್ತು.

ವೃಷಭೇಂದ್ರಪ್ಪ ಮಾತ್ರ ಪೂರ್ತಿ ನಂಬಿರಲಿಲ್ಲ. ಜಯಲಕ್ಷ್ಮಿಪುರಂನ ನನ್ನ ಮನೆಗೆ ಅವರೇ ಬಂದು ಕೂತು, ಮರಿಯಯ್ಯ ಮಾಡಿರಲಾರ, ಆದರೆ ನಾನೊಬ್ಬ ಹೇಳಿದರೆ ಯಾರು ಕೇಳುತ್ತಾರೆ, ನೀವೊಮ್ಮೆ ನೋಡಿಬಿಡಿ ಎಂದು ಕೇಳಿಕೊಂಡಿದ್ದರು. ನನ್ನ ಕಾಫಿ ಆರಿ ಹೋಗುವವರೆಗೆ ಮರಿಯಯ್ಯನವರ ಗುಣಗಾನ ಮಾಡಿದ್ದರು. ಆ ಹೊತ್ತಿಗೇ ವೃಷಭೇಂದ್ರಪ್ಪನವರ ಮೇಲೆ ನನಗೆ ಗೌರವ ಹುಟ್ಟಿತ್ತು.

ನಾನು ಗಿರಿಜಾಂಬಾ. ಟೆಲಿಫೋನಿನ ಟ್ರಂಕ್ ಬೋರ್ಡಿನ ಮುಂದೆ ಇಪ್ಪತ್ತಾರು ವರ್ಷ ಕೂತವಳು, ನಿವೃತ್ತಿಯಾದ ಮೇಲೆ ಪರಿಚಿತರ ಇಂಥ ಸಣ್ಣಪುಟ್ಟ ಕಳವುಗಳ ಜಾಡು ಹಿಡಿದುಕೊಟ್ಟವಳು. ಈ ಊರಿನ ರೇಷ್ಮೆ ವ್ಯಾಪಾರಿಗಳು ಸೂರತ್ತಿಗೆ, ಮುಂಬಯಿಗೆ ಮಾತಾಡಬೇಕಾದರೆ ನನ್ನ ಕೈ ದಾಟಿಯೇ ಹೋಗಬೇಕಿತ್ತು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದ ವಾರವೇ ನನ್ನನ್ನು ಎಬ್ಬಿಸಿ ಬಿಲ್ಲು ವಿಚಾರಣೆಯ ಕಿಟಕಿಗೆ ಕೂರಿಸಿದರು. ಮನೆಗೆ ಬಂದು ಅತ್ತಿದ್ದೆ. ಈಗ ಅದೇ ಯಂತ್ರದ ದಯೆಯಿಂದ, ನಡುವೆ ಯಾರ ಹಂಗೂ ಇಲ್ಲದೆ ಧಾರವಾಡದ ತಂಗಿಯ ಜೊತೆ ಗಂಟೆಗಟ್ಟಲೆ ಹರಟುತ್ತೇನೆ. ಹಾಯಾಗಿದೆ ಎಂದು ಒಪ್ಪಿಕೊಳ್ಳುವುದಕ್ಕೆ ಮಾತ್ರ ನಾಚಿಕೆ.

ಹಾಗಾಗಿ ಮರಿಯಯ್ಯ ಕಂಪ್ಯೂಟರನ್ನು ಶಪಿಸುತ್ತಾರೆ ಎಂದುಕೊಂಡೇ ಬಂದಿದ್ದೆ. ಮೊದಲ ದಿನವೇ ನನ್ನ ಎಣಿಕೆ ತಲೆಕೆಳಗಾಯಿತು. ಅದರ ಮುಂದೆ ಕೂರುವವಳು ಅವರ ಮಗಳು ಅನು. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಚೌಕದ ಕಾಗದ ತುಂಬಿಸಿದವಳು, ಆಮೇಲೆ ಕಂಪ್ಯೂಟರ್ ಕ್ಲಾಸಿಗೆ ಹೋದವಳು. ಯಜಮಾನರ ಮಗ ಅಮರೇಶ್ ಈ ಯಂತ್ರ, ಪಕ್ಕದ ಸ್ಕ್ಯಾನರ್ ಎಲ್ಲ ತಂದಾಗ ಅವಳನ್ನೇ ಕೆಲಸಕ್ಕೆ ತೆಗೆದುಕೊಂಡ. ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅವಳ ಬೆನ್ನ ಹಿಂದೆ ನಿಂತು, ಇಲ್ಲಿ ಎಸಳು ಒಂದು ಚೌಕ ಬಾಗಲಿ, ಅಲ್ಲಿ ಕಾಂಡ ತೆಳ್ಳಗಾಗಲಿ ಎಂದು ಹೇಳಿಕೊಡುತ್ತಿದ್ದರು. ತಮ್ಮ ಅನ್ನ ಕಸಿಯುವ ಯಂತ್ರಕ್ಕೆ ತಾವೇ ಪಾಠ ಹೇಳುತ್ತಿದ್ದರು.

ಬೇಜಾರಾಗಲ್ವೇ ಎಂದು ನಾನು ಕೇಳಿದ್ದಕ್ಕೆ ಅವರು ಪರದೆಯ ಮೇಲಿನ ಹೂವನ್ನು ತೋರಿಸಿದರು.

“ಆಯ್ತದೆ, ಯಾಕಾಗಲ್ಲ. ಆದ್ರೂ ನೋಡವ್ವ, ನಾನು ಒಂದು ತೂತು ತಪ್ಪಿ ಹೊಡೆದ್ರೆ ಆ ಕಾರ್ಡೇ ಬಿಸಾಕಬೇಕು. ಇದು ಹೊಡೆದ ತೂತ ವಾಪಸ್ ಮುಚ್ಚಿಕೊಡ್ತದೆ. ನಮ್ಮಪ್ಪ ಇದ್ದಿದ್ರೆ ಇಲ್ಲೇ ಕೂತ್ಬುಡ್ತಿದ್ದ.”

ಕಳ್ಳತನ ಮಾಡಿದವನ ಮಾತಲ್ಲ ಅದು. ಆದರೆ ಠಾಣೆಯಲ್ಲಿ ಇಂಥ ಮಾತಿಗೆ ಬೆಲೆಯಿಲ್ಲ. ಕೈಗೆ ಸಿಕ್ಕುವ ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು ಇವತ್ತು ಬೆಳಗ್ಗೆ, ಕೆಂಚಮ್ಮನ ಮಗ್ಗದ ಹತ್ತಿರ.

ಕೇದಗೆ ಸೀರೆಗಳನ್ನೆಲ್ಲ ನೇಯ್ದವಳು ಕೆಂಚಮ್ಮ. ಬೀರುವಿನಲ್ಲಿದ್ದ ಅಸಲಿ ಸೀರೆಯೊಂದನ್ನು ನೋಡುವಾಗ, ಒಂದೇ ಒಂದು ಹೂವಿನ ಕಾಂಡದಲ್ಲಿ ಸಾಸಿವೆ ಕಾಳಿನಷ್ಟು ಜರಿ ತಪ್ಪಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಪಾಪ, ಇವಳ ಕಣ್ಣೂ ಮಂಜಾಗುತ್ತಿದೆ ಎಂದುಕೊಂಡು, ನೋವಾಗದ ಹಾಗೆ ವಿಷಯ ಎತ್ತಿದೆ. ಅವಳು ನನ್ನನ್ನು ನೋಡಿ ನಕ್ಕುಬಿಟ್ಟಳು.

“ತಪ್ಪಲ್ಲ ಕಣ್ರವ್ವ. ಕೂಸಿಗೆ ಕೆನ್ನೆ ಮೇಲೆ ಕಪ್ಪು ಬೊಟ್ಟು ಇಡಾಕಿಲ್ವಾ? ಅಂಗೇ ಸೀರೇಗೂ ಒಂದು. ಎದ್ದಿರೋ ಎಳೇನ ಬೆರಳಲ್ಲಿ ಒಸಿ ಒತ್ತಿ ಹಿಡ್ಕೊಂಡ್ರೆ ಆಯ್ತು. ಒಂದು ಸೀರೇಲಿ ಇಟ್ಟ ತಾವು ಇನ್ನೊಂದ್ರಲ್ಲಿ ಇಡಾಕಿಲ್ಲ.”

ಯಜಮಾನರಿಗೆ ಇದು ಗೊತ್ತೇ ಎಂದು ಕೇಳಿದೆ. ಗೊತ್ತಾದರೆ ಡಿಫೆಕ್ಟು ಎಂದು ಕೂಲಿ ಮುರಿಯುತ್ತಾರೆ, ಅದಕ್ಕೇ ಯಾವ ಯಜಮಾನರಿಗೂ ಯಾವ ಕಾಲಕ್ಕೂ ಹೇಳಿದ್ದಿಲ್ಲ ಎಂದಳು. ಮರಿಯಯ್ಯನವರನ್ನು ಉಳಿಸುವುದಕ್ಕೆ ಹೇಳಬೇಕಾಗಬಹುದು ಎಂದಾಗ ಲಾಳಿಯನ್ನು ಕೈಯಲ್ಲೇ ಹಿಡಿದು ಕೂತಳು. ಕೊನೆಗೆ, ಹೇಳಿ ಎನ್ನುವಂತೆ ತಲೆ ಆಡಿಸಿದಳು.

ಅವಳಿಂದ ಅಷ್ಟು ತಿಳಿದದ್ದೇ ತಡ, ನನಗೆ ರೆಕ್ಕೆ ಬಂತು. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ಅದರ ಫಲವನ್ನು ಸಂಜೆ ಉಂಡೆ.

ಈಗ ಕೋಣೆಯಲ್ಲಿ ನಾವು ನಾಲ್ವರು. ಯಜಮಾನರು ಮೇಜಿನ ಆ ಬದಿ, ನಾನು ಈ ಬದಿ, ಮರಿಯಯ್ಯ ಸ್ಟೂಲಿನ ಮೇಲೆ, ಅನು ಕಂಪ್ಯೂಟರಿನ ಮುಂದೆ. ಅವಳು ಬೆಳಗ್ಗಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ, ಕೀಲಿಮಣೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಅಮರೇಶ್ ಊರಲ್ಲಿರಲಿಲ್ಲ. ಕಾರ್ಡು ಹೊಡೆಯುವ ಹೊಸ ಯಂತ್ರದ ಬಿಡಿಭಾಗ ತರಬೇಕೆಂದು ಮುಂಜಾನೆಯ ರೈಲಿಗೆ ಬೆಂಗಳೂರಿಗೆ ಹೋಗಿದ್ದ. ಮೊನ್ನೆ ನಾನು ಪ್ರಶ್ನೆ ಕೇಳಿದಾಗ ಎಲ್ಲ ಡ್ರಾಯರು ತೆಗೆದು ತೋರಿಸಿ, ನನಗೆ ಎಳನೀರು ತರಿಸಿಕೊಟ್ಟಿದ್ದ ಹುಡುಗ.

ಬೀರುವಿನಿಂದ ತೆಗೆಸಿದ್ದ ಮೂರು ಅಸಲಿ ಸೀರೆಗಳ ಸೆರಗನ್ನು ನಕಲಿಯ ಪಕ್ಕ ಹರಡಿದೆ. ಕೆಂಚಮ್ಮ ಹೇಳಿದ್ದನ್ನು ಹೇಳಿದೆ. ವೃಷಭೇಂದ್ರಪ್ಪನವರ ಹುಬ್ಬು ಮೇಲೇರಿತು. ಮೂವತ್ತು ವರ್ಷದಿಂದ ನನ್ನ ಸೀರೆಗಳಲ್ಲೇ ಇದ್ದು ನನಗೇ ಗೊತ್ತಿಲ್ಲವಲ್ಲ ಎಂದರು. ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. ಮರಿಯಯ್ಯ ನೆಲ ನೋಡುತ್ತಿದ್ದರು, ಮೀಸೆಯಡಿ ಸಣ್ಣ ನಗೆ ಇದ್ದಂತೆ ಕಂಡಿತು.

“ಈ ಬೊಟ್ಟು ಕಾರ್ಡಿನಲ್ಲಿ ಇರೋದಿಲ್ಲ” ಎಂದೆ. “ಕೈಬೆರಳಿನಿಂದ ಹುಟ್ಟೋದು. ಕಾರ್ಡು ಕದ್ದು ನೇಯ್ದಿದ್ದರೆ ಹೂಗಳೆಲ್ಲ ಪೂರ್ತಿ ಇರಬೇಕಿತ್ತು.”

ಆಮೇಲೆ ಸ್ಕ್ಯಾನರ್ ತೋರಿಸಿದೆ. ಅದರ ಗಾಜಿನ ಮೇಲೆ ಹಿಡಿಸುವುದು ಒಂದು ಹಾಳೆಯಷ್ಟು ಜಾಗ, ಸೆರಗಿನ ಲೆಕ್ಕದಲ್ಲಿ ಒಂದೇ ಹೂವು. ಕದ್ದವನು ನೇಯ್ದ ಸೀರೆಯನ್ನೇ ಅಲ್ಲಿ ಮಲಗಿಸಿ ಒಂದು ಹೂವನ್ನು ತೆಗೆದುಕೊಂಡಿದ್ದಾನೆ, ಅದನ್ನೇ ಉದ್ದಕ್ಕೂ ಅಡ್ಡಕ್ಕೂ ಸಾಲಿಟ್ಟಿದ್ದಾನೆ. ಅವನ ದುರದೃಷ್ಟಕ್ಕೆ ಆರಿಸಿದ್ದು ಬೊಟ್ಟು ಇದ್ದ ಹೂವನ್ನು. ಅದು ದೃಷ್ಟಿ ಬೊಟ್ಟು ಎಂದು ಅವನಿಗೆ ಗೊತ್ತಿಲ್ಲ, ಚಿತ್ರದ ಭಾಗವೆಂದೇ ತಿಳಿದ. ಒಂದು ಕೂಸಿಗೆ ಒಂದು ಬೊಟ್ಟು ಸಾಲದೇ? ಇವನು ಮೈತುಂಬ ಇಟ್ಟುಬಿಟ್ಟ.

“ಅಂದಮೇಲೆ ಕಾರ್ಡಿನ ಪೆಟ್ಟಿಗೆಗೂ ಈ ಕಳ್ಳತನಕ್ಕೂ ಸಂಬಂಧವೇ ಇಲ್ಲ. ಮರಿಯಯ್ಯನವರ ಬೀಗದ ಕೈ ಯಾರ ಹತ್ತಿರ ಇದ್ದರೂ ಒಂದೇ.”

ವೃಷಭೇಂದ್ರಪ್ಪ ಎದ್ದು ಹೋಗಿ ಮರಿಯಯ್ಯನವರ ಹೆಗಲ ಮೇಲೆ ಕೈಯಿಟ್ಟರು. ಯಜಮಾನರ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. ಮರಿಯಯ್ಯನಿಗೂ ನಮಗೂ ಕಾಫಿ ತರುವಂತೆ ಹೊರಗೆ ಕೂಗಿ ಹೇಳಿದರು. ದೂರಿನ ಕಾಗದವನ್ನು ಕತ್ತರಿಯ ಕೆಳಗಿನಿಂದ ಎಳೆದು ಬದಿಗೆ ಸರಿಸಿದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣೆ.

ಆದರೆ ಹೊಗಳಿಕೆಯ ರುಚಿ ಹತ್ತಿತ್ತು. ಕಳ್ಳನ ಹೆಜ್ಜೆಯನ್ನು ಇನ್ನೊಂದು ಮಾರು ಮುಂದಕ್ಕೆ ತೋರಿಸೋಣ ಎನಿಸಿತು. ಮೂರು ಅಸಲಿ ಸೀರೆಗಳಲ್ಲಿ ಬೊಟ್ಟು ಎಲ್ಲಿದೆ ಎಂದು ಒಂದೊಂದಾಗಿ ತೋರಿಸಿದೆ. ಒಂದರಲ್ಲಿ ಕಾಂಡ, ಒಂದರಲ್ಲಿ ಎಲೆ, ಒಂದರಲ್ಲಿ ಮೊಗ್ಗು. ಯಾವುದರಲ್ಲೂ ಎಸಳಿನ ತುದಿಯಲ್ಲಿಲ್ಲ.

“ಕದ್ದಿರೋದು ಈ ಮೂರರಿಂದ ಅಲ್ಲ. ಇನ್ನೊಂದು ಸೀರೆ ಇರಲೇಬೇಕು. ಅದು ಎಲ್ಲಿದೆ ಹೇಳಿ, ಕಳ್ಳ ಯಾರು ಅಂತ ನಾನು ಹೇಳ್ತೀನಿ.”

ವೃಷಭೇಂದ್ರಪ್ಪನವರ ಕೈ ಮರಿಯಯ್ಯನವರ ಹೆಗಲಿನಿಂದ ನಿಧಾನವಾಗಿ ಕೆಳಗಿಳಿಯಿತು.

“ಇನ್ನೊಂದಿತ್ತು” ಎಂದರು. “ಎಲ್ಲಕ್ಕಿಂತ ಮೊದಲು ನೇಯ್ದಿದ್ದು. ಬಣ್ಣ ಪಟ್ಟೆಪಟ್ಟೆ ಬಿದ್ದಿತ್ತು, ಅಂಗಡಿಗೆ ಕೊಡೋ ಹಾಗಿರಲಿಲ್ಲ. ಯುಗಾದಿಗೆ ಮರಿಯಯ್ಯನ ಕೈಗೆ ಕೊಟ್ಟೆ, ಮಗಳಿಗೆ ಉಡಿಸು ಅಂತ.”

ಕೀಲಿಮಣೆಯ ಸದ್ದು ನಿಂತಿತ್ತು. ನಾನು ತಿರುಗಿ ನೋಡಿದೆ. ಅನುವಿನ ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ನೋಡಿದ್ದನ್ನು ಮರಿಯಯ್ಯನವರೂ ನೋಡಿದರು. ಒಂದು ಕ್ಷಣ ಮಾತ್ರ. ಆ ಒಂದು ಕ್ಷಣದಲ್ಲಿ ಆ ಮನುಷ್ಯ ಏನೇನು ಯೋಚಿಸಿದರೋ, ಸ್ಟೂಲಿನಿಂದ ಎದ್ದು ಯಜಮಾನರ ಮುಂದೆ ಬಂದು ನಿಂತರು.

“ಆ ಸೀರೆ ನಾನೇ ಹೊರಕ್ಕೆ ಕೊಟ್ಟೆ, ಯಜಮಾನ್ರೆ. ತಪ್ಪಾಗೋಯ್ತು. ರುಜು ಹಾಕ್ಬುಡಿ.”

“ಯಾರಿಗೆ ಕೊಟ್ಟೆ?”

“ಯಾರೋ ಬಂದಿದ್ರು. ಹೆಸರು ಕೇಳ್ಲಿಲ್ಲ.”

ಇಪ್ಪತ್ತಾರು ವರ್ಷ ಬರೀ ದನಿಗಳ ನಡುವೆ ಬದುಕಿದವಳು ನಾನು. ಇಷ್ಟು ಒರಟಾದ ಸುಳ್ಳನ್ನು, ಸುಳ್ಳು ಹೇಳಿ ಅಭ್ಯಾಸವೇ ಇಲ್ಲದವರು ಮಾತ್ರ ಹೇಳಬಲ್ಲರು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಪ್ಪನನ್ನು ಬಿಡಿಸಲು ಬಂದು, ಎಲ್ಲರೆದುರು ಮಗಳ ಕಡೆ ಬೆರಳು ತೋರಿಸಿದ್ದೆ. ಎಷ್ಟು ಸೀರೆ ನೇಯ್ದೆ ತಾಯಿ ಎಂದು ಬೆಳಗ್ಗೆಯೇ ಕೆಂಚಮ್ಮನನ್ನು ಕೇಳಿದ್ದರೆ ನಾನು ಈ ಬಾಯಿ ಬಿಡುತ್ತಿರಲಿಲ್ಲ.

“ಮರಿಯಯ್ಯನೋರೆ, ಕೂತ್ಕೊಳ್ಳಿ. ನೀವು ಕೊಟ್ಟಿಲ್ಲ” ಎಂದೆ.

“ಕೊಟ್ಟಿದೀನಿ ಅಂತ ನಾನೇ ಒಪ್ಕೊಂಡ ಮೇಲೆ ನಿಮ್ದೇನವ್ವ?”

ಮೊದಲ ಸಲ ಅವರ ದನಿ ಏರಿತ್ತು. ಅದು ಕೋಪವಲ್ಲ, ಬೇಡಿಕೆ. ಸುಮ್ಮನಿದ್ದುಬಿಡಿ ಎಂದು ಕೈಮುಗಿದು ಕೇಳುವ ಹಾಗಿತ್ತು.

ಅನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ಅಪ್ಪ ಸುಳ್ಳು ಹೇಳ್ತಿದಾರೆ, ಸಾರ್. ಸೀರೆ ಇರೋ ಟ್ರಂಕಿನ ಬೀಗದ ಕೈ ನನ್ನತ್ರ ಇರೋದು. ಅದನ್ನ ಇಲ್ಲಿಗೆ ತಂದಿದ್ದು ನಾನು.”

“ಸುಮ್ನಿರು ಮಗ” ಎಂದರು ಮರಿಯಯ್ಯ.

ಅವಳು ಸುಮ್ಮನಿರಲಿಲ್ಲ. ತಿಂಗಳ ಹಿಂದಿನ ಮಾತು ಎಂದಳು. ಸ್ಕ್ಯಾನರಿನಲ್ಲಿ ಬಟ್ಟೆ ಎಷ್ಟು ಚೆನ್ನಾಗಿ ಬೀಳುತ್ತದೋ ನೋಡಬೇಕಿತ್ತಂತೆ. ಬೀರುವಿನ ಸೀರೆ ಮುಟ್ಟಿದರೆ ದೊಡ್ಡವರು ಬೈಯುತ್ತಾರೆ, ನಿನ್ನದನ್ನು ಒಂದು ದಿನಕ್ಕೆ ಕೊಡು ಎಂದು ಕೇಳಿದರಂತೆ. ಕೊಟ್ಟಳು. ಮಾರನೆಯ ದಿನ ಮಡಿಕೆ ಕೆಡದ ಹಾಗೆ ವಾಪಸು ಬಂತು. ಅಷ್ಟೇ. ಆಮೇಲೆ ಎಲ್ಲರ ಬಾಯಲ್ಲೂ ಕಾರ್ಡು, ಕಾರ್ಡು ಎಂಬ ಮಾತೇ ಇದ್ದದ್ದರಿಂದ, ಸೀರೆಯ ನೆನಪು ಈ ಹತ್ತು ನಿಮಿಷದ ಹಿಂದಿನವರೆಗೂ ಅವಳಿಗೆ ಬಂದಿರಲಿಲ್ಲ. ಕೆಲಸ ಕೊಟ್ಟವರನ್ನು ಅನುಮಾನಿಸುವುದಾದರೂ ಹೇಗೆ ಎಂದು ಅವಳು ಯಾರನ್ನೋ ಕೇಳುವಂತೆ ಕೇಳಿದಳು.

“ಯಾರಮ್ಮ ತಗೊಂಡಿದ್ದು?” ಎಂದರು ವೃಷಭೇಂದ್ರಪ್ಪ. ಕೇಳುವ ಹೊತ್ತಿಗೇ ಅವರಿಗೆ ಗೊತ್ತಾಗಿತ್ತು. ಆದರೂ ಕೇಳಿದರು.

ಅವಳು ಅವರ ಮುಖ ನೋಡಲಾರದೆ ಕಂಪ್ಯೂಟರಿನ ಕಡೆ ತಿರುಗಿದಳು.

“ಅಮರೇಶ್ ಸಾರ್.”

ಕಾಫಿ ಬಂತು. ನಾಲ್ಕು ಲೋಟಗಳನ್ನೂ ಮೇಜಿನ ಮೇಲಿಟ್ಟು ಹೋದರು, ಯಾರೂ ಮುಟ್ಟಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಕೆಂಚಮ್ಮನ ಮಗ್ಗ ನಡೆಯುತ್ತಲೇ ಇತ್ತು.

ವೃಷಭೇಂದ್ರಪ್ಪ ನಕಲಿ ಸೀರೆಯ ಸೆರಗನ್ನು ಕೈಗೆತ್ತಿಕೊಂಡರು. ಅವನಿಗೆ ಏನು ಕಡಿಮೆ ಮಾಡಿದ್ದೆ ಎಂದು ಒಮ್ಮೆ ಮೆಲ್ಲಗೆ ಅಂದುಕೊಂಡರು. ನನಗೆ ಅವರ ಮೇಲೆ ಮರುಕ ಬಂತು. ಬೆಳಗ್ಗೆ ತಾನೇ ರೈಲ್ವೆ ಸ್ಟೇಷನ್ನಿಗೆ ಮಗನನ್ನು ತಾವೇ ಸ್ಕೂಟರಿನಲ್ಲಿ ಬಿಟ್ಟು ಬಂದಿದ್ದರು. ಬಿಡಿಭಾಗದ ಕಥೆ ನಿಜವೋ ಅಲ್ಲವೋ, ಅವನು ವಾಪಸು ಬರುತ್ತಾನೋ ಇಲ್ಲವೋ, ಆ ಲೆಕ್ಕವೆಲ್ಲ ಅವರ ಮುಖದ ಮೇಲೆ ಓಡಾಡುತ್ತಿತ್ತು.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮುಖ್ಯಪೇದೆ ಸಿದ್ದಪ್ಪಾಜಿ ಟೋಪಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು.

“ಯಜಮಾನ್ರೆ, ಐದೂವರೆ ಆಯ್ತು. ಕೊಡೋದಿದ್ರೆ ಕೊಡಿ, ಇಲ್ಲಾಂದ್ರೆ ನಾನು ಹೊರಡ್ತೀನಿ.”

ಇಲ್ಲ, ಹೊರಡಿ ಎನ್ನುವ ಮಾತು ಈಗ ಬರುತ್ತದೆ ಎಂದು ನಾನು ಕಾದೆ. ನನ್ನ ಮನೆಯಲ್ಲಿ ಕೂತು ಮರಿಯಯ್ಯನವರನ್ನು ಹೊಗಳಿದ ಮನುಷ್ಯ ಅದನ್ನಲ್ಲದೆ ಬೇರೆ ಏನು ಹೇಳಲು ಸಾಧ್ಯ?

ವೃಷಭೇಂದ್ರಪ್ಪ ಸೀರೆ ಕೆಳಗಿಟ್ಟರು. ಬದಿಗೆ ಸರಿಸಿದ್ದ ಕಾಗದವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

“ಅದಕ್ಕೆ ರುಜು ಹಾಕಬೇಡಿ” ಎಂದೆ. “ನಿಜ ನಿಮ್ಮ ಕಿವಿಗೇ ಬಿದ್ದಿದೆ.”

“ಬಿದ್ದಿದೆ.” ಅವರು ಪೆನ್ನಿನ ಟೊಪ್ಪಿಗೆ ತೆಗೆದರು. “ಇವನೇ ಒಪ್ಕೊಂಡಿದಾನಲ್ಲ, ಗಿರಿಜಾಂಬಾ ಅವರೆ. ನೀವೂ ಕೇಳಿದ್ರಿ. ನನಗಿರೋದು ಒಬ್ಬನೇ ಮಗ ಕಣಮ್ಮ.”

ಮತ್ತೆ ಬಗ್ಗಿ, ಅಕ್ಷರ ಅಕ್ಷರ ಬಿಡಿಸಿ ಪೂರ್ತಿ ಹೆಸರು ಬರೆದರು.

ಅನು ಮೇಜಿನ ಕಡೆಗೆ ಮುಂದೆ ಬಂದಳು. ಸಿದ್ದಪ್ಪಾಜಿ ಕಾಗದವನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಓದಿದರು. ಆಮೇಲೆ ನಮ್ಮೆಲ್ಲರ ಮುಖ ಒಂದು ಸುತ್ತು ನೋಡಿದರು.

“ಮರಿಯಯ್ಯ ಅಂದ್ರೆ ಯಾರಪ್ಪ?”

ನಾನು ಬಾಯಿ ತೆರೆಯುವ ಮುಂಚೆಯೇ ಮರಿಯಯ್ಯ ಮಗಳಿಗೂ ಪೇದೆಗೂ ನಡುವೆ ಬಂದು ನಿಂತಿದ್ದರು. ಉಡಿದಾರದಿಂದ ಪೆಟ್ಟಿಗೆಯ ಬೀಗದ ಕೈ ಬಿಚ್ಚಿ, ಯಜಮಾನರ ಮುಂದೆ ಮೇಜಿನ ಮೇಲೆ ಇಟ್ಟರು.

“ನಾನೇ” ಎಂದರು.